ಹತ್ತನೇ ಸಾಲಿಗೆ ಕಬ್ಬಿಣ, ಕೈಗೆ ಫೋಮ್: ಮಧ್ಯಯುಗದ ನಾಟಕಕ್ಕೆ ಪರಿಕರಗಳನ್ನು ಮನೆಯಲ್ಲೇ ಮಾಡುವ ಬಗೆ

ಮೊದಲ ಸಲ ನಾಟಕಕ್ಕೆ ಕತ್ತಿ ಮಾಡಿದಾಗ ಮೂರು ವಾರ ಅದರ ಹಿಡಿಯ ಮೇಲೆ ಬಳ್ಳಿ ಕೆತ್ತುತ್ತಾ ಕೂತಿದ್ದೆ. ಎಲೆ, ಹೂವು, ನಡುವೆ ಒಂದು ಪುಟಾಣಿ ಸಿಂಹ. ಪ್ರದರ್ಶನದ ದಿನ ಹತ್ತನೇ ಸಾಲಿನಲ್ಲಿ ಕೂತು ನೋಡಿದೆ. ಸಿಂಹವೂ ಇಲ್ಲ, ಬಳ್ಳಿಯೂ ಇಲ್ಲ. ರಾಜನ ಕೈಯಲ್ಲಿ ಬೂದು ಬಣ್ಣದ ಒಂದು ಪಟ್ಟಿ ಅಲ್ಲಾಡುತ್ತಿತ್ತು, ಅಷ್ಟೇ. ಪಕ್ಕದಲ್ಲಿ ನಿಂತ ಕಾವಲುಗಾರನ ಕತ್ತಿಯನ್ನು ಗೆಳೆಯನೊಬ್ಬ ಒಂದೇ ಸಂಜೆಯಲ್ಲಿ ರಟ್ಟು ಕತ್ತರಿಸಿ ಮಾಡಿದ್ದ. ಮೈಗೆ ಕಪ್ಪು ಬಳಿದು, ಅಂಚಿಗೆ ಮಾತ್ರ ಬೆಳ್ಳಿ ಬಣ್ಣ ಎಳೆದಿದ್ದ. ಅದು ಉಕ್ಕಿನ ಹಾಗೆ ಮಿಂಚುತ್ತಿತ್ತು!

ಅವತ್ತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಂಗಪರಿಕರ ಒಪ್ಪಿಗೆಯಾಗಬೇಕಾದ್ದು ಇಬ್ಬರಿಗೆ. ಒಬ್ಬರು ದೂರದಲ್ಲಿ ಕೂತ ಪ್ರೇಕ್ಷಕರು, ಅವರ ಕಣ್ಣಿಗೆ. ಇನ್ನೊಬ್ಬರು ನಟರು, ಅವರ ಕೈಗೆ. ಮೇಜಿನ ಮೇಲಿಟ್ಟು ಹತ್ತಿರದಿಂದ ನೋಡಿ ಖುಷಿಪಡುವ ಮೂರನೆಯವರು ನಾವು, ಮಾಡಿದವರು. ನಮ್ಮ ಖುಷಿ ಇಲ್ಲಿ ಲೆಕ್ಕಕ್ಕಿಲ್ಲ.

ಮೊದಲು ಪಟ್ಟಿ, ಆಮೇಲೆ ಕತ್ತರಿ

ನಾಟಕದ ಪ್ರತಿ ತೆಗೆದುಕೊಂಡು ಕೂತು ಪರಿಕರಗಳ ಪಟ್ಟಿ ಮಾಡಿ. ಎಲ್ಲರೂ ಮಾಡುತ್ತಾರೆ. ಆದರೆ ಬಹಳ ಜನ ವಸ್ತುವಿನ ಹೆಸರು ಬರೆದು ನಿಲ್ಲಿಸುತ್ತಾರೆ: ಕತ್ತಿ, ಪತ್ರ, ಬಟ್ಟಲು. ಹೆಸರಿನ ಮುಂದೆ ಕ್ರಿಯಾಪದವನ್ನೂ ಬರೆಯಿರಿ. ಕತ್ತಿಯನ್ನು ಏನು ಮಾಡುತ್ತಾರೆ? ಸುಮ್ನೆ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರಾ, ಒರೆಯಿಂದ ಎಳೆಯುತ್ತಾರಾ, ನೆಲಕ್ಕೆ ಎಸೆಯುತ್ತಾರಾ? ಬಟ್ಟಲಿನಲ್ಲಿ ನಿಜವಾಗಿ ಕುಡಿಯುತ್ತಾರಾ? ಪತ್ರವನ್ನು ಹರಿಯುತ್ತಾರಾ? ಯಾವ ಸಾಮಾನಿನಿಂದ ಮಾಡಬೇಕು ಅನ್ನುವುದನ್ನು ಆ ಕ್ರಿಯಾಪದವೇ ಹೇಳುತ್ತದೆ. ಹರಿಯುವ ಪತ್ರವಾದರೆ ಪ್ರದರ್ಶನಕ್ಕೊಂದು ಬೇಕು, ತಾಲೀಮಿಗೆ ಇನ್ನೊಂದಷ್ಟು ಬೇಕು. ಕುಡಿಯುವ ಬಟ್ಟಲಿನ ಒಳಗೆ ಬಣ್ಣ ಹೋಗಬಾರದು. ಎಸೆಯುವ ಕತ್ತಿ ನೆಲಕ್ಕೆ ಬಿದ್ದಾಗ ಚಪ್ಪಲಿ ಬಿದ್ದ ಸದ್ದು ಬಂದರೆ ಇಡೀ ದೃಶ್ಯವೇ ಹೋಯಿತು.

ಪಟ್ಟಿಯ ಜೊತೆಗೇ ನಿರ್ದೇಶಕರನ್ನು ಒಂದು ಮಾತು ಕೇಳಿ: ಯಾವ ಶತಮಾನ? ಯುರೋಪಿನ ಮಧ್ಯಯುಗ ಅಂದರೆ ಸುಮಾರು 500ರಿಂದ 1500ರವರೆಗೆ, ಸಾವಿರ ವರ್ಷ. ಅದರಲ್ಲಿ ಒಂದು ಕೊನೆಯ ಗುರಾಣಿ ಇನ್ನೊಂದು ಕೊನೆಗೆ ಹೊಂದುವುದಿಲ್ಲ. ಇಂಗ್ಲೆಂಡಿನಲ್ಲಿ 1066ರಲ್ಲಿ ನಡೆದ ಹೇಸ್ಟಿಂಗ್ಸ್ ಯುದ್ಧದ ಕಥೆ ಹೇಳುವ ಬಾಯೋ ಕಸೂತಿ ಪಟ್ಟಿಯ (Bayeux Tapestry) ಚಿತ್ರಗಳನ್ನು ಹುಡುಕಿ ನೋಡಿ. ಸುಮಾರು 70 ಮೀಟರ್ ಉದ್ದದ ಬಟ್ಟೆ ಅದು. ಅಲ್ಲಿನ ಸವಾರರ ಗುರಾಣಿ ಉದ್ದಕ್ಕೆ, ಮೇಲೆ ದುಂಡಗೆ, ಕೆಳಗೆ ಚೂಪಾಗಿ ಇದೆ. ಶಿರಸ್ತ್ರಾಣಕ್ಕೆ ಮೂಗಿನ ಮೇಲೆ ಇಳಿಯುವ ಒಂದು ಪಟ್ಟಿ. ಮೈಮೇಲೆ ಉಂಗುರ ಹೆಣೆದ ಅಂಗಿ. ತಲೆಯಿಂದ ಕಾಲಿನವರೆಗೆ ತಗಡಿನಲ್ಲಿ ಮುಚ್ಚಿಕೊಂಡ ಯೋಧ ಅಲ್ಲಿ ಒಬ್ಬನೂ ಇಲ್ಲ. ಅವನು ಬರುವುದು 15ನೇ ಶತಮಾನದ ಹೊತ್ತಿಗೆ. ಇದು ನಮಗೆ ಒಳ್ಳೆಯದೇ. ತಗಡಿನ ಕವಚ ಮಾಡುವ ಕಷ್ಟ ತಪ್ಪಿಸಿಕೊಳ್ಳಬೇಕಾದರೆ ಕಥೆಯನ್ನು 12ನೇ ಶತಮಾನಕ್ಕೆ ಇಟ್ಟುಕೊಳ್ಳಿ ಅಂತ ನಿರ್ದೇಶಕರ ಕಿವಿಯಲ್ಲಿ ಹಾಕಿ.

ಇಲ್ಲೇ ಇನ್ನೊಂದು ಮಾತು. ಕೊಂಬಿನ ಶಿರಸ್ತ್ರಾಣ ಮಾಡಬೇಡಿ. ಉತ್ತರ ಯುರೋಪಿನ ಕಡಲ ಯೋಧರಾದ ವೈಕಿಂಗರು ಯುದ್ಧಕ್ಕೆ ಕೊಂಬು ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಆ ಚಿತ್ರ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದು 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ನಡೆದ ಒಪೆರಾದ ವೇಷಭೂಷಣದಿಂದ. ಒಬ್ಬ ವಸ್ತ್ರವಿನ್ಯಾಸಕ ಮಾಡಿದ ತಪ್ಪನ್ನು ಸರಿಪಡಿಸುವ ಜವಾಬ್ದಾರಿ ನಮ್ಮ ಜಾತಿಯವರದ್ದೇ ಅಲ್ವಾ?

ಸಾಮಾನು, ಮತ್ತು ಕಿಟಕಿ

ಹೆಚ್ಚಿನ ಕೆಲಸ ಇಷ್ಟರಲ್ಲೇ ಆಗುತ್ತದೆ: ನೆಲಕ್ಕೆ ಹಾಸುವ ಇವಿಎ ಫೋಮ್ ಮ್ಯಾಟ್ (10 ಮಿಮೀ ದಪ್ಪದ್ದು ಮತ್ತು 3ರಿಂದ 5 ಮಿಮೀ ದಪ್ಪದ್ದು), ಪದರದ ರಟ್ಟಿನ ಡಬ್ಬಗಳು, ಹಳೇ ಪತ್ರಿಕೆ, ಬಿಳಿ ಗೋಂದು, ಎರಡೂ ಕಡೆ ಹಚ್ಚಿ ಒತ್ತುವ ರಬ್ಬರ್ ಅಂಟು, ಗ್ಲೂ ಗನ್ (ಅಂಟುಕಡ್ಡಿಯನ್ನು ಕರಗಿಸಿ ಸುರಿಯುವುದು), ಸುತಳಿ, ಹಳೇ ಹತ್ತಿ ಬಟ್ಟೆ, ಅಕ್ರಿಲಿಕ್ ಬಣ್ಣ. ಸಲಕರಣೆಗೆ ಕಟ್ಟರ್, ಉಕ್ಕಿನ ಸ್ಕೇಲು, ಸ್ಯಾಂಡ್ ಪೇಪರ್, ಸಿಕ್ಕರೆ ಬಿಸಿಗಾಳಿ ಊದುವ ಒಂದು ಹೀಟ್ ಗನ್.

ಕಟ್ಟರ್ ಬ್ಲೇಡಿನ ವಿಷಯದಲ್ಲಿ ಜಿಪುಣತನ ಬೇಡ. ಫೋಮ್ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಮೊಂಡಾದ ಬ್ಲೇಡು ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಅಂಚು ಇಲಿ ತಿಂದ ಹಾಗೆ ಕಾಣುತ್ತದೆ. ಮೊಂಡು ಬ್ಲೇಡಿಗೆ ಬಲ ಹಾಕುವಾಗಲೇ ಕೈ ಕುಯ್ದುಕೊಳ್ಳುವುದು ಜಾಸ್ತಿ.

ರಬ್ಬರ್ ಅಂಟಿನ ಹಬೆ ತಲೆಗೆ ಏರುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಕಿಟಕಿ ತೆಗೆದೇ ಕೆಲಸ ಮಾಡಿ. ಅಂಟಿನ ಡಬ್ಬಿ ತೆರೆದಿರುವಾಗ ಹೀಟ್ ಗನ್ ಬೇಡ, ಒಲೆ ಹತ್ತಿರ ಬೇಡ, ಸಿಗರೇಟು ಅಂತೂ ಬೇಡವೇ ಬೇಡ. ಫೋಮನ್ನು ಉಜ್ಜುವಾಗ ಏಳುವ ಪುಡಿ ಎದೆಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ. ಇನ್ನು ಥರ್ಮಾಕೋಲ್ ಮೇಲೆ ಸ್ಪ್ರೇ ಬಣ್ಣ ಹೊಡೆಯಬೇಡಿ. ಬಣ್ಣದಲ್ಲಿರುವ ದ್ರಾವಕ ಅದನ್ನು ಕರಗಿಸುತ್ತದೆ. ನಾನು ಒಮ್ಮೆ ಥರ್ಮಾಕೋಲಿನಲ್ಲಿ ಚಂದದ ಕಲ್ಲಿನ ಕಂಬದ ತಲೆ ಕೆತ್ತಿ, ಸ್ಪ್ರೇ ಹೊಡೆದು, ಚಹಾ ಕುಡಿದು ಬರುವಷ್ಟರಲ್ಲಿ ಅದು ಹುಳ ತಿಂದ ಹೂಕೋಸಿನ ಹಾಗೆ ಆಗಿತ್ತು. ಮೊದಲು ಎರಡು ಕೈ ಬಿಳಿ ಗೋಂದು ಬಳಿದು ಒಣಗಿಸಿ, ಮೇಲೆ ನೀರಿನಲ್ಲಿ ಕಲಸುವ ಬಣ್ಣ ಹಚ್ಚಿದರೆ ತೊಂದರೆ ಇಲ್ಲ.

ಕತ್ತಿ

ನಿಜವಾದ ಒಂಟಿ ಕೈ ಕತ್ತಿ ಜನ ಅಂದುಕೊಂಡಷ್ಟು ಭಾರ ಇರುತ್ತಿರಲಿಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋ ಒಳಗೆ. ಉದ್ದವೂ ಹಿಡಿ ಸೇರಿ ಸುಮಾರು 90 ಸೆಂಮೀ. ಈ ಅಳತೆಯನ್ನೇ ಇಟ್ಟುಕೊಳ್ಳೋಣ. ಬೇಡದ ಉದ್ದ ಸೇರಿಸಿದರೆ ಪಕ್ಕದ ನಟನ ಕಣ್ಣಿಗೆ ಅಪಾಯ, ರಂಗದ ಪರದೆಗೂ ಅಪಾಯ.

1. 10 ಮಿಮೀ ಫೋಮಿನಲ್ಲಿ 75 ಸೆಂಮೀ ಉದ್ದ, 5 ಸೆಂಮೀ ಅಗಲದ ಎರಡು ಪಟ್ಟಿ ಕತ್ತರಿಸಿ. ಮೊದಲು ರಟ್ಟಿನಲ್ಲಿ ಅಚ್ಚು ಮಾಡಿಕೊಂಡು ಅದರ ಸುತ್ತ ಗೆರೆ ಎಳೆದರೆ ಎರಡೂ ಒಂದೇ ಥರ ಬರುತ್ತವೆ. ತುದಿಯ ಹತ್ತು ಸೆಂಮೀನಲ್ಲಿ ನಿಧಾನವಾಗಿ ಕಿರಿದು ಮಾಡಿ. ತೀರ ಚೂಪು ಬೇಡ, ಬೆರಳ ತುದಿಯಷ್ಟು ದುಂಡಗಿರಲಿ.

2. ಒಳಗೆ ಬೆನ್ನೆಲುಬು ಬೇಕು. 8 ಮಿಮೀ ಫೈಬರ್‌ಗ್ಲಾಸ್ ಕಡ್ಡಿ ಎಲ್ಲಕ್ಕಿಂತ ಒಳ್ಳೆಯದು, ಬಾಗುತ್ತದೆ, ಮುರಿಯುವುದು ಕಡಿಮೆ. ಅದು ಸಿಗದಿದ್ದರೆ ಅದೇ ದಪ್ಪದ ಗಟ್ಟಿ ಮರದ ಕಡ್ಡಿ. ಕಡ್ಡಿಯನ್ನು 84 ಸೆಂಮೀಗೆ ಕತ್ತರಿಸಿ. ಎರಡೂ ಪಟ್ಟಿಗಳ ಒಳಮೈಯಲ್ಲಿ, ಸರಿಯಾಗಿ ನಡುವೆ, ಕಡ್ಡಿ ಅರ್ಧರ್ಧ ಕೂರುವ ಹಾಗೆ ತೋಡು ಕೊರೆಯಿರಿ. ತೋಡು ತುದಿಗೆ 5 ಸೆಂಮೀ ಇರುವಾಗಲೇ ನಿಲ್ಲಬೇಕು. ಕಡ್ಡಿಯ ಮುಂದಿನ ತುದಿಗೆ ಫೋಮಿನ ಒಂದು ಚೂರು ಇಟ್ಟು ಟೇಪ್ ಸುತ್ತಿ. ಇಲ್ಲದಿದ್ದರೆ ನಾಲ್ಕನೇ ತಾಲೀಮಿಗೆ ಕಡ್ಡಿ ಫೋಮನ್ನು ತೂರಿಕೊಂಡು ಹೊರಗೆ ಇಣುಕುತ್ತದೆ. ಅದು ಆಟಿಕೆ ಅಲ್ಲ, ಈಟಿ.

3. ಎರಡೂ ಒಳಮೈಗೆ, ಕಡ್ಡಿಗೂ, ರಬ್ಬರ್ ಅಂಟನ್ನು ತೆಳ್ಳಗೆ ಹಚ್ಚಿ. ಹಚ್ಚಿದ ತಕ್ಷಣ ಅಂಟಿಸಬೇಡಿ. ಹತ್ತು ನಿಮಿಷ ಬಿಡಿ. ಬೆರಳಿಟ್ಟರೆ ಜಿಗುಟು ಅನ್ನಿಸಬೇಕು, ಬೆರಳಿಗೆ ಅಂಟು ಬರಬಾರದು. ಆಗ ಜೋಡಿಸಿ. ಒಮ್ಮೆ ತಾಗಿದರೆ ಮತ್ತೆ ಸರಿಸಲು ಆಗುವುದಿಲ್ಲ, ಹಾಗಾಗಿ ಹಿಡಿಯ ಕಡೆಯಿಂದ ಶುರುಮಾಡಿ ತುದಿಯ ಕಡೆಗೆ ಒತ್ತುತ್ತಾ ಹೋಗಿ. ಚಪಾತಿ ಲಟ್ಟಣಿಗೆ ಇದಕ್ಕೆ ಚೆನ್ನಾಗಿ ಒದಗುತ್ತದೆ.

4. ಈಗ ಅಂಚು. ಹೊಸ ಬ್ಲೇಡ್ ಹಾಕಿ. ಬ್ಲೇಡನ್ನು ಓರೆಯಾಗಿ ಹಿಡಿದು, ನಡುವಿನಿಂದ ಅಂಚಿಗೆ ಇಳಿಜಾರಾಗುವ ಹಾಗೆ ಉದ್ದಕ್ಕೂ ಹೆರೆಯಿರಿ. ಕೈ ನಿಲ್ಲಿಸದೆ ಒಂದೇ ಎಳೆತಕ್ಕೆ ಎಷ್ಟು ದೂರ ಹೋಗುತ್ತದೋ ಅಷ್ಟು ನೀಟು. ಕತ್ತಿ ಕತ್ತಿಯ ಹಾಗೆ ಕಾಣುವುದು ಈ ಇಳಿಜಾರಿನಿಂದ. ಚಪ್ಪಟೆ ಕತ್ತಿಯ ಮೇಲೆ ಬೆಳಕು ಒಂದೇ ಥರ ಬೀಳುತ್ತದೆ. ಇಳಿಜಾರಿದ್ದರೆ ಒಂದು ಮುಖ ಬೆಳ್ಳಗೆ, ಒಂದು ಮುಖ ಕಪ್ಪಗೆ ಕಾಣುತ್ತದೆ. ನಟ ಕೈ ತಿರುಗಿಸಿದ ಕೂಡಲೇ ಅದು ಅದಲು ಬದಲು ಆಗುತ್ತದೆ. ಹತ್ತನೇ ಸಾಲಿಗೆ ‘ಮಿಂಚು’ ಅಂತ ಕಾಣುವುದು ಇದೇ.

5. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಹೀಟ್ ಗನ್ನನ್ನು ದೂರದಲ್ಲಿ ಹಿಡಿದು ಮೇಲೆ ಆಡಿಸಿ. ಮಂಕಾಗಿದ್ದ ಫೋಮ್ ಒಂದು ಕ್ಷಣದಲ್ಲಿ ನುಣುಪಾಗಿ ಹೊಳೆಯುತ್ತದೆ. ಸಣ್ಣ ರಂಧ್ರಗಳು ಮುಚ್ಚಿಕೊಂಡವು ಅಂತ ಅರ್ಥ. ಒಂದೇ ಕಡೆ ನಿಲ್ಲಿಸಿದರೆ ಗುಳ್ಳೆ ಏಳುತ್ತದೆ. ಹೀಟ್ ಗನ್ ಇಲ್ಲದಿದ್ದರೆ ಪರವಾಗಿಲ್ಲ, ನೀರು ಬೆರೆಸಿದ ಬಿಳಿ ಗೋಂದನ್ನು ಮೂರು ನಾಲ್ಕು ಸಲ ತೆಳ್ಳಗೆ ಬಳಿಯಿರಿ. ಹೀಟ್ ಗನ್ ಇದ್ದರೂ ಗೋಂದಿನ ಎರಡು ಕೈ ಹಾಕುವುದು ಒಳ್ಳೆಯದು, ಕಡಿಮೆ ಬಣ್ಣ ಸಾಕಾಗುತ್ತದೆ.

6. ಹಿಡಿಗೆ ಅಡ್ಡಪಟ್ಟಿ 18 ಸೆಂಮೀ ಸಾಕು. ಮೂರು ಪದರ ಫೋಮ್ ಅಂಟಿಸಿ, ನಡುವೆ ತೂತು ಮಾಡಿ, ಕಡ್ಡಿಯ ಮೇಲೆ ತೂರಿಸಿ ಅಂಟಿಸಿ. ಹಿಡಿಯ ಭಾಗದ ಕಡ್ಡಿಗೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿ, ಮೇಲೆ ಸುತಳಿಯನ್ನು ಒತ್ತೊತ್ತಾಗಿ ಸುತ್ತಿ. ಬೆವರಿದ ಕೈ ಜಾರಬಾರದು.

7. ಹಿಡಿಯ ಕೊನೆಗೆ ಗುಂಡು. ಕಡ್ಡಿಯ ಕೊನೆಗೆ ನಾಲ್ಕೈದು ಕಬ್ಬಿಣದ ನಟ್ಟುಗಳನ್ನು ಪೋಣಿಸಿ, ಅಂಟು ಮತ್ತು ಟೇಪಿನಲ್ಲಿ ಭದ್ರ ಮಾಡಿ, ಸುತ್ತ ಫೋಮ್ ಹೊದಿಸಿ. ಇದನ್ನು ಬಿಡಬೇಡಿ. ತೂಕವೇ ಇಲ್ಲದ ಕತ್ತಿಯನ್ನು ನಟರು ಬೀಸಣಿಗೆ ಬೀಸಿದ ಹಾಗೆ ಬೀಸುತ್ತಾರೆ. ಮಣಿಕಟ್ಟು ಸುಳ್ಳು ಹೇಳುವುದಿಲ್ಲ, ಪ್ರೇಕ್ಷಕರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಹಿಂದೆ ಇನ್ನೂರು ಗ್ರಾಂ ಸೇರಿದರೂ ಕೈಯ ಚಲನೆ ಬದಲಾಗುತ್ತದೆ. ಎಸೆಯುವ ಕತ್ತಿಯಾದರೆ ಈ ಗುಂಡಿಗೆ ಫೋಮ್ ಹೊದಿಸದೆ ಕಬ್ಬಿಣವನ್ನೇ ಬಿಟ್ಟು ಬಣ್ಣ ಬಳಿಯಿರಿ. ಬಿದ್ದಾಗ ಠಣ್ ಅನ್ನುತ್ತದೆ.

ಈ ಕತ್ತಿ ಹಿಡಿಯಲು, ಎಳೆಯಲು, ತೋರಿಸಲು. ಕತ್ತಿಗೆ ಕತ್ತಿ ತಾಗಿಸಿ ಕಾದಾಡುವ ದೃಶ್ಯ ಇದ್ದರೆ ಅದು ಬೇರೆಯೇ ವಿದ್ಯೆ. ಅದಕ್ಕೆಂದೇ ತಯಾರಾದ ಮೊಂಡು ಕತ್ತಿ ಬೇಕು, ಹೆಜ್ಜೆ ಹೆಜ್ಜೆಯನ್ನೂ ಲೆಕ್ಕ ಹಾಕಿ ಕಲಿಸುವವರು ಬೇಕು. ಫೋಮ್ ಕತ್ತಿ ಎಂದು ಸಲುಗೆ ತೆಗೆದುಕೊಂಡು ಮುಖದ ಹತ್ತಿರ ಬೀಸಲು ಬಿಡಬೇಡಿ. ಒಳಗೆ ಕಡ್ಡಿ ಇದೆ.

ಬಣ್ಣದಲ್ಲೇ ಇರುವುದು ಎಲ್ಲ

ಬೆಳ್ಳಿ ಬಣ್ಣದ ಡಬ್ಬಿ ತೆಗೆದು ಇಡೀ ಕತ್ತಿಗೆ ಬಳಿದರೆ ಅದು ಬೆಳ್ಳಿ ಬಣ್ಣ ಬಳಿದ ಫೋಮ್ ಆಗುತ್ತದೆ. ಕಬ್ಬಿಣ ಆಗಬೇಕಾದರೆ ಕಪ್ಪಿನಿಂದ ಶುರುಮಾಡಬೇಕು.

ಇಡೀ ವಸ್ತುವಿಗೆ ಮಂಕು ಕಪ್ಪು ಬಳಿದು ರಾತ್ರಿಯಿಡೀ ಒಣಗಲು ಬಿಡಿ. ಮರುದಿನ ಒಂದು ಹಳೇ, ಗಡುಸಾದ ಬ್ರಷ್ ತೆಗೆದುಕೊಳ್ಳಿ. ತುದಿಯನ್ನು ಬೆಳ್ಳಿ ಬಣ್ಣಕ್ಕೆ ಸೋಕಿಸಿ, ಬಟ್ಟೆಗೆ ಚೆನ್ನಾಗಿ ಒರೆಸಿ. ಬಣ್ಣ ಪೂರ್ತಿ ಹೋಯಿತೇನೋ ಅನ್ನಿಸುವವರೆಗೆ ಒರೆಸಿ. ಆ ಒಣ ಬ್ರಷ್ಷನ್ನು ವಸ್ತುವಿನ ಮೇಲೆ ಹಗುರವಾಗಿ, ಬೇಗ ಬೇಗ ಎಳೆಯಿರಿ. ಬಣ್ಣ ಉಬ್ಬಿದ ಕಡೆ ಮಾತ್ರ ಹಿಡಿಯುತ್ತದೆ, ತಗ್ಗಿನಲ್ಲಿ ಕಪ್ಪು ಹಾಗೇ ಉಳಿಯುತ್ತದೆ. ಬಳಸಿ ಬಳಸಿ ಉಜ್ಜಿಹೋದ ಲೋಹದಲ್ಲಿ ನಡೆಯುವುದೂ ಇದೇ, ಉಬ್ಬು ಹೊಳೆಯುತ್ತದೆ, ಸಂದಿನಲ್ಲಿ ಕೊಳೆ ನಿಲ್ಲುತ್ತದೆ. ಎರಡು ಮೂರು ಸುತ್ತು ಹೀಗೆ ಮಾಡಿ. ಕೊನೆಯ ಸುತ್ತು ಅಂಚುಗಳಿಗೆ ಮಾತ್ರ, ಸ್ವಲ್ಪ ಬಿಳಿ ಬೆರೆಸಿದ ಬೆಳ್ಳಿ.

ಆಮೇಲೆ ಕೊಳೆ. ಕಂದು ಮತ್ತು ಕಪ್ಪು ಬಣ್ಣವನ್ನು ನೀರಿನಲ್ಲಿ ತಿಳಿಯಾಗಿ ಕದಡಿ, ಬಳಿದು, ಅರ್ಧ ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಮೂಲೆ ಸಂದುಗಳಲ್ಲಿ ಉಳಿದದ್ದು ಉಳಿಯಲಿ. ತುಕ್ಕು ಬೇಕಾದರೆ ಇಟ್ಟಿಗೆ ಬಣ್ಣವನ್ನು ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ಒತ್ತಿ. ಅತಿ ಮಾಡಬೇಡಿ. ಯೋಧ ತನ್ನ ಕತ್ತಿಯನ್ನು ಎಣ್ಣೆ ಹಚ್ಚಿ ಚೆನ್ನಾಗಿಯೇ ಇಟ್ಟುಕೊಂಡಿರುತ್ತಿದ್ದ. ತುಕ್ಕು ಇರಬೇಕಾದ್ದು ಸೆರೆಮನೆಯ ಬೀಗಕ್ಕೆ, ಬಾವಿಯ ಸರಪಳಿಗೆ.

ಬೆಳ್ಳಿ ಬಣ್ಣಕ್ಕಿಂತ ನನಗೆ ಇಷ್ಟವಾದದ್ದು ಪೆನ್ಸಿಲ್ ಸೀಸದ ಪುಡಿ. ಮೆದು ಪೆನ್ಸಿಲಿನ ಸೀಸವನ್ನು ಸ್ಯಾಂಡ್ ಪೇಪರಿಗೆ ಉಜ್ಜಿ ಪುಡಿ ಮಾಡಿಕೊಳ್ಳಿ. ಒಣಗಿದ ಕಪ್ಪು ಬಣ್ಣದ ಮೇಲೆ ಬಟ್ಟೆಯಿಂದ ತಿಕ್ಕಿ. ಉಕ್ಕಿನ ತಣ್ಣಗಿನ, ನೀಲಿ ಬೂದಿನ ಹೊಳಪು ಬರುತ್ತದೆ. ಕೈಗೆ ಮೆತ್ತುತ್ತದೆ, ಹಾಗಾಗಿ ಮುಟ್ಟದ ಭಾಗಗಳಿಗೆ ಇಟ್ಟುಕೊಳ್ಳಿ. ಶಿರಸ್ತ್ರಾಣಕ್ಕೆ ಹೇಳಿ ಮಾಡಿಸಿದ ಉಪಾಯ.

ಬಣ್ಣ ಮುಗಿಯಿತು ಅನ್ನುವ ಮೊದಲು ರಂಗದ ದೀಪದಲ್ಲಿ ಇಟ್ಟು ದೂರ ಹೋಗಿ ನೋಡಿ. ಮನೆಯ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿದ್ದದ್ದು ಹಳದಿ ದೀಪದಲ್ಲಿ ಪಿತ್ತಾಳೆ ಆಗಬಹುದು.

ದಾರದ ಚೈನ್‌ಮೇಲ್

ಕಬ್ಬಿಣದ ಉಂಗುರಗಳನ್ನು ಒಂದರೊಳಗೊಂದು ಹೆಣೆದು ಮಾಡಿದ ಅಂಗಿ ಹತ್ತು ಕಿಲೋ ತೂಗುತ್ತದೆ, ಕೆಲವು ಇನ್ನೂ ಜಾಸ್ತಿ. ಉಂಗುರ ಹೆಣೆಯಲು ಕೂತರೆ ಸಾವಿರಾರು ಬೇಕು, ನಾಟಕದ ತಾರೀಕು ನಿಮಗಾಗಿ ಕಾಯುವುದಿಲ್ಲ. ರಂಗಭೂಮಿಯವರು ಬಹಳ ಹಿಂದಿನಿಂದ ಬಳಸುವ ಉಪಾಯ ಇದೆ: ಹತ್ತಿಯ ದಪ್ಪ ದಾರವನ್ನು ಹೆಣಿಗೆ ಕಡ್ಡಿಯಲ್ಲಿ ಹೆಣೆಯುವುದು.

ಹೆಣಿಗೆ ಬಲ್ಲವರನ್ನು ಹುಡುಕಿ, ವಿನಯವಾಗಿ ಕೇಳಿ. ಕಡ್ಡಿ 6ರಿಂದ 8 ಮಿಮೀ ದಪ್ಪ ಇರಲಿ. ಎಲ್ಲಾ ಸಾಲಿಗೂ ಒಂದೇ ಥರದ ಸಾದಾ ಹೆಣಿಗೆ ಹಾಕಬೇಕು. ಆಗ ಬಟ್ಟೆಯ ಮೇಲೆ ಅಡ್ಡಡ್ಡ ಉಬ್ಬುಸಾಲು ಏಳುತ್ತದೆ, ದೂರಕ್ಕೆ ಉಂಗುರಗಳ ಸಾಲಿನ ಹಾಗೇ ಕಾಣುತ್ತದೆ. ಸಡಿಲವಾಗಿ ಹೆಣೆಯಲಿ. ಬಿಗಿಯಾದರೆ ಅಂಗಿ ಜೋತು ಬೀಳುವುದಿಲ್ಲ. ಕಬ್ಬಿಣದ ಅಂಗಿ ಹೆಗಲಿನಿಂದ ಭಾರವಾಗಿ ಇಳಿಯಬೇಕು, ಸೊಂಟಪಟ್ಟಿಯ ಮೇಲೆ ಸ್ವಲ್ಪ ಉಕ್ಕಿ ನಿಲ್ಲಬೇಕು. ಕಣ್ಣು ನಂಬುವುದು ಆ ಜೋತಾಟವನ್ನು.

ಪೂರ್ತಿ ಅಂಗಿಗೆ ಸಮಯ ಇಲ್ಲವಾ? ತಲೆ ಮತ್ತು ಕುತ್ತಿಗೆ ಮುಚ್ಚುವ ಮುಸುಕು, ಎರಡು ತೋಳು, ಮೊಣಕಾಲ ಮೇಲೆ ಕಾಣುವ ಒಂದು ಗೇಣು ಅಂಚು, ಇಷ್ಟು ಹೆಣೆಸಿ. ನಡುವಿನ ಎದೆಭಾಗವನ್ನು ಉದ್ದನೆಯ ಬಟ್ಟೆಯ ಮೇಲಂಗಿ ಮುಚ್ಚುತ್ತದೆ. 12ನೇ ಶತಮಾನದಿಂದ ಯೋಧರು ಕವಚದ ಮೇಲೆ ಅಂಥ ಮೇಲಂಗಿ ತೊಡುತ್ತಿದ್ದರು, ಹಾಗಾಗಿ ಇತಿಹಾಸಕ್ಕೂ ಮೋಸ ಆಗಲಿಲ್ಲ, ಹೆಣೆಯುವವರ ಬೆರಳೂ ಉಳಿಯಿತು.

ಬಣ್ಣಕ್ಕೆ ಅದೇ ನಿಯಮ. ಮೊದಲು ಇಡೀ ಹೆಣಿಗೆಯನ್ನು ಕಪ್ಪು ಬಣ್ಣದಲ್ಲಿ ಅದ್ದಿ ಒಣಗಿಸಿ. ಹ್ಯಾಂಗರಿಗೆ ಹಾಕಿ ತೂಗಿಬಿಡಿ. ಬೆಳ್ಳಿ ಸ್ಪ್ರೇಯನ್ನು ದೂರದಿಂದ, ಓರೆಯಾಗಿ, ಮಂಜು ಬಿದ್ದ ಹಾಗೆ ಹೊಡೆಯಿರಿ. ಹತ್ತಿರದಿಂದ ಹೊಡೆದರೆ ದಾರ ಬಣ್ಣ ಕುಡಿದು ರಟ್ಟಿನ ಹಾಗೆ ಸೆಟೆದುಕೊಳ್ಳುತ್ತದೆ. ನಮ್ಮ ತಂಡದ ಒಬ್ಬ ಸೈನಿಕ ಒಂದು ಪ್ರದರ್ಶನ ಪೂರ್ತಿ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಮಾತಾಡಿದ್ದ. ಜನ ಅದನ್ನು ಪಾತ್ರದ ಗತ್ತು ಅಂದುಕೊಂಡರು, ನಮ್ಮ ಪುಣ್ಯ.

ಗುರಾಣಿ

ಪ್ಲೈವುಡ್ ಗಟ್ಟಿ, ಆದರೆ ಎರಡು ಗಂಟೆ ಹಿಡಿದರೆ ತೋಳು ಬಿದ್ದುಹೋಗುತ್ತದೆ. ರಟ್ಟೇ ಸಾಕು. 65 ಸೆಂಮೀ ಎತ್ತರ, 50 ಸೆಂಮೀ ಅಗಲದ ಮೂರು ತುಂಡು ಕತ್ತರಿಸಿ. ಮೊದಲನೆಯದರ ಒಳಗೆರೆ ಉದ್ದಕ್ಕೆ ಇದ್ದರೆ ಎರಡನೆಯದರದ್ದು ಅಡ್ಡಕ್ಕೆ, ಮೂರನೆಯದರದ್ದು ಮತ್ತೆ ಉದ್ದಕ್ಕೆ ಬರಲಿ. ಹೀಗೆ ಮಾಡಿದರೆ ಯಾವ ಕಡೆಗೂ ಮಡಚಿಕೊಳ್ಳುವುದಿಲ್ಲ. ಅಡ್ಡಗೆರೆಯ ಪದರ ಬಾಗಲು ಹಟ ಮಾಡಿದರೆ ಅದರ ಹಿಂದೆ ಉದ್ದಕ್ಕೆ ನಾಲ್ಕಾರು ಕಡೆ ಅರ್ಧ ಆಳಕ್ಕೆ ಗೀರು ಹಾಕಿ. ಗೋಂದು ಹಚ್ಚಿ, ಒದ್ದೆ ಇರುವಾಗಲೇ ದೊಡ್ಡ ಡ್ರಮ್ಮಿನ ಮೈಗೆ ಒತ್ತಿ, ಹಗ್ಗ ಬಿಗಿದು, ಒಂದು ದಿನ ಬಿಡಿ. ಬಿಚ್ಚಿದಾಗ ಚಂದದ ಬಾಗು ಬಂದಿರುತ್ತದೆ. ಚಪ್ಪಟೆ ಗುರಾಣಿ ಡಬ್ಬದ ಮುಚ್ಚಳದ ಹಾಗೆ ಕಾಣುತ್ತದೆ, ಅದಕ್ಕೇ ಇಷ್ಟು ಪಾಡು.

ಮುಂದಿನ ಬಟ್ಟೆ ಹೊದಿಸುವ ಮೊದಲೇ ಹಿಂದಿನ ಪಟ್ಟಿಗಳನ್ನು ಕೂರಿಸಿ. ಒಂದು ಮುಂಗೈಗೆ, ಒಂದು ಹಿಡಿಗೆ. ದಪ್ಪ ಬೆಲ್ಟಿನ ತುಂಡು, ಬೋಲ್ಟು, ಎರಡೂ ಕಡೆ ಅಗಲದ ವಾಷರ್. ಅಂಟನ್ನು ಮಾತ್ರ ನಂಬಿದರೆ ಗುರಾಣಿ ನಡುದೃಶ್ಯದಲ್ಲಿ ಕೈ ಬಿಡುತ್ತದೆ. ಆಮೇಲೆ ಹಳೇ ಹತ್ತಿ ಬಟ್ಟೆಯನ್ನು ಗೋಂದಿನಲ್ಲಿ ಅದ್ದಿ ಮುಂದೆ ಹೊದಿಸಿ, ಅಂಚನ್ನು ಹಿಂದಕ್ಕೆ ಮಡಚಿ. ನಿಜವಾದ ಗುರಾಣಿಗಳೂ ಮರದ ಹಲಗೆಯ ಮೇಲೆ ಚರ್ಮ ಅಥವಾ ಬಟ್ಟೆ ಹೊದಿಸಿದವೇ. ಬಟ್ಟೆಯ ಸಣ್ಣ ಸುಕ್ಕು ಉಳಿದರೆ ಉಳಿಯಲಿ.

ಚಿತ್ರಕ್ಕೆ ಮಧ್ಯಯುಗದವರೇ ಒಂದು ಒಳ್ಳೆಯ ನಿಯಮ ಮಾಡಿಟ್ಟಿದ್ದಾರೆ. ಲಾಂಛನಗಳಲ್ಲಿ ಹಳದಿ ಮತ್ತು ಬಿಳಿಯನ್ನು ಲೋಹ ಅಂದರೆ ಚಿನ್ನ, ಬೆಳ್ಳಿ ಎಂದು ಎಣಿಸುತ್ತಿದ್ದರು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ಬಣ್ಣಗಳು. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ನೀಲಿಯ ಮೇಲೆ ಹಳದಿ ಸಿಂಹ ಸರಿ, ನೀಲಿಯ ಮೇಲೆ ಕೆಂಪು ಸಿಂಹ ತಪ್ಪು. ಜೆರುಸಲೇಮ್ ರಾಜ್ಯದ ಬೆಳ್ಳಿಯ ಮೇಲಿನ ಚಿನ್ನದ ಶಿಲುಬೆಯಂಥ ಅಪವಾದ ಇವೆ, ಬಿಡಿ. ಈ ನಿಯಮ ಪಾಲಿಸಿದರೆ ಗುರಾಣಿ ಧೂಳಿನಲ್ಲೂ ದೂರದಿಂದ ಎದ್ದು ಕಾಣುತ್ತದೆ. ರಣರಂಗಕ್ಕೆ ಬೇಕಿದ್ದದ್ದೂ ಅದೇ, ನಮ್ಮ ಹತ್ತನೇ ಸಾಲಿಗೆ ಬೇಕಾದ್ದೂ ಅದೇ. ಎರಡು ಬಣ್ಣ, ಒಂದು ಆಕಾರ, ಅಷ್ಟೇ ಸಾಕು. ಮೂರನೇ ಬಣ್ಣಕ್ಕೆ ಕೈ ತುರಿಸಿದರೆ ಎದ್ದು ಹೋಗಿ.

ಪತ್ರ, ಮೊಹರು, ಪುಸ್ತಕ

ಇಲ್ಲಿ ನನ್ನದೊಂದು ಜಗಳ ಇದೆ. ದಯವಿಟ್ಟು ಕಾಗದದ ಅಂಚು ಸುಡಬೇಡಿ. ರಾಜನ ಪತ್ರ ಯಾಕೆ ಸುಟ್ಟಿರುತ್ತದೆ? ಅವತ್ತಿನ ದಾಖಲೆಗಳನ್ನು ಬರೆಯುತ್ತಿದ್ದದ್ದು ಹದಮಾಡಿದ ಪ್ರಾಣಿಚರ್ಮದ ಮೇಲೆ, ಅದೂ ದುಬಾರಿ ವಸ್ತು. ಹೊಸ ಪತ್ರ ಕೆನೆ ಬಣ್ಣಕ್ಕೆ, ಸ್ವಚ್ಛವಾಗಿ ಇರುತ್ತಿತ್ತು.

ಚಿತ್ರ ಬರೆಯುವ ದಪ್ಪ ಕಾಗದ ತೆಗೆದುಕೊಳ್ಳಿ. ತಿಳಿ ಚಹಾ ಡಿಕಾಕ್ಷನ್ ತಣ್ಣಗಾದ ಮೇಲೆ ಅಗಲ ಬ್ರಷ್ಷಿನಲ್ಲಿ ಬಳಿಯಿರಿ. ಪೂರ್ತಿ ಒಣಗುವ ಮೊದಲು ಉಂಡೆ ಮಾಡಿ, ಬಿಡಿಸಿ, ಬಟ್ಟೆಯ ಕೆಳಗಿಟ್ಟು ಇಸ್ತ್ರಿ ಹಾಕಿ. ಇದರ ಮೇಲೆ ಅಗಲ ಮೂತಿಯ ಪೆನ್ನಿನಲ್ಲಿ ಕಂದು ಕಪ್ಪು ಶಾಯಿಯಿಂದ ಬರೆಯಿರಿ, ಮೊದಲ ಅಕ್ಷರ ದೊಡ್ಡದಾಗಿ, ಕೆಂಪಾಗಿ. ಸಾದಾ ಕಾಗದ ಪರಪರ ಅನ್ನುತ್ತದೆ, ಚರ್ಮ ಹಾಗೆ ಅನ್ನುವುದಿಲ್ಲ. ಹಿಂದೆ ತೆಳು ಬಟ್ಟೆ ಅಂಟಿಸಿದರೆ ಸದ್ದೂ ಸರಿಹೋಗುತ್ತದೆ, ಇಪ್ಪತ್ತು ಪ್ರದರ್ಶನಕ್ಕೂ ಬಾಳುತ್ತದೆ.

ರಾಜ ಪತ್ರಕ್ಕೆ ‘ಸಹಿ’ ಹಾಕುವ ದೃಶ್ಯ ಇದ್ದರೆ ನಿರ್ದೇಶಕರ ಹತ್ತಿರ ಮಾತಾಡಿ. 1215ರ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರಕ್ಕೆ ಇಂಗ್ಲೆಂಡಿನ ದೊರೆ ಜಾನ್ ಸಹಿ ಹಾಕಲಿಲ್ಲ, ಅದಕ್ಕೆ ಬಿದ್ದದ್ದು ಮೇಣದ ಮೊಹರು. ರಂಗದ ಮೇಲೂ ಮೊಹರು ಒತ್ತುವುದು ಸಹಿಗಿಂತ ಚೆನ್ನಾಗಿ ಕಾಣುತ್ತದೆ. ಕೆಂಪು ಅಂಟುಕಡ್ಡಿಯನ್ನು ಗ್ಲೂ ಗನ್ನಿಗೆ ಹಾಕಿ, ಬೆಣ್ಣೆ ಕಾಗದದ ಮೇಲೆ ಒಂದು ಗುಪ್ಪೆ ಸುರಿದು, ತಣ್ಣೀರಿನಲ್ಲಿ ಅದ್ದಿದ ಗುಂಡಿಯನ್ನೋ ನಾಣ್ಯವನ್ನೋ ಒತ್ತಿ. ಹತ್ತು ಮಾಡಿಟ್ಟುಕೊಳ್ಳಿ. ರಂಗದ ಮೇಲೆ ಮೊಹರು ‘ಒಡೆಯುವ’ ಪತ್ರವಾದರೆ ಅದನ್ನು ಮಡಿಕೆಯ ಮೇಲಿನ ತುದಿಗೆ ಮಾತ್ರ ಅಂಟಿಸಿ, ಕೆಳಗೆ ಒಂದು ಚೂರು ಡಬಲ್ ಟೇಪ್ ಇಡಿ. ಎಳೆದಾಗ ಬಿಟ್ಟುಕೊಳ್ಳುತ್ತದೆ, ನಾಳೆಗೆ ಮತ್ತೆ ಅಂಟುತ್ತದೆ. ಲಕೋಟೆ ಬೇಡ, ಪತ್ರವನ್ನೇ ಮಡಚಿ ಮೊಹರು ಹಾಕುತ್ತಿದ್ದರು.

ಪತ್ರದೊಳಗೆ ನಟರ ಮಾತನ್ನು ನಿಜವಾಗಿ ಬರೆದಿಡಬೇಕೇ? ಬರೆದಿಡಿ, ಆದರೆ ಕೊನೆಯ ವಾರದವರೆಗೆ ಹೇಳಬೇಡಿ. ಮೊದಲೇ ಹೇಳಿದರೆ ಯಾರೂ ಬಾಯಿಪಾಠ ಮಾಡುವುದಿಲ್ಲ.

ಪುಸ್ತಕಕ್ಕೆ ರದ್ದಿಯಲ್ಲಿ ಸಿಗುವ ದಪ್ಪ ಹಳೇ ಪುಸ್ತಕವೇ ಸಾಕು. ಬೆನ್ನಿಗೆ ಅಡ್ಡಡ್ಡ ನಾಲ್ಕು ತುಂಡು ಹಗ್ಗ ಅಂಟಿಸಿ, ಮೇಲೆ ಕಂದು ಬಟ್ಟೆ ಎಳೆದು ಅಂಟಿಸಿ. ಹಗ್ಗದ ಉಬ್ಬು ಎದ್ದು ಕಂಡರೆ ಹೊಲಿದ ಹಳೇ ಪುಸ್ತಕದ ಹಾಗೇ ಇರುತ್ತದೆ. ತೆರೆದು ತೋರಿಸುವುದಿದ್ದರೆ ಎರಡು ಪುಟ ಮಾತ್ರ ಕೈಯಲ್ಲಿ ಬರೆಯಿರಿ. ಯುರೋಪಿನಲ್ಲಿ ಅಚ್ಚಿನ ಪುಸ್ತಕ ಹೊರಟದ್ದು 1450ರ ದಶಕದಲ್ಲಿ, ಅದಕ್ಕಿಂತ ಹಿಂದಿನ ಕಥೆಯಲ್ಲಿ ಮುದ್ರಿತ ಅಕ್ಷರ ಕಾಣಬಾರದು.

ಊಟದ ಮೇಜು, ದೀಪ, ಕಿರೀಟ

ಇವು ಬೇಗ ಮುಗಿಯುವ ಕೆಲಸಗಳು. ಬಟ್ಟಲಿಗೆ ಸ್ಟೀಲಿನ ಕಾಲಿರುವ ಲೋಟ ತೆಗೆದುಕೊಂಡು ಹೊರಮೈಗೆ ಮಾತ್ರ ಕಪ್ಪು, ಒಣ ಬ್ರಷ್. ತುಟಿ ತಾಗುವ ಎರಡು ಬೆರಳು ಅಗಲವನ್ನು, ಒಳಮೈಯನ್ನು ಹಾಗೇ ಬಿಡಿ. ಪ್ಲಾಸ್ಟಿಕ್ ಲೋಟ ಮೇಜಿಗೆ ಇಟ್ಟಾಗ ‘ಟಪ್’ ಅನ್ನುತ್ತದೆ, ಆ ಒಂದು ಸದ್ದಿಗೆ ಅರಮನೆಯೇ ಕುಸಿಯುತ್ತದೆ. ಮುಳ್ಳುಚಮಚ ಇಡಬೇಡಿ. ಚಾಕು, ಮರದ ಚಮಚ, ಕೈ ಸಾಕು. ತಟ್ಟೆಯ ಬದಲು ಒಣಗಿದ ದಪ್ಪ ರೊಟ್ಟಿಯ ತುಂಡಿನ ಮೇಲೆ ಊಟ ಬಡಿಸುತ್ತಿದ್ದರು, ಅದನ್ನು ಫೋಮಿನಲ್ಲಿ ಮಾಡಿದರೆ ನೋಡಲು ಚಂದ. ರಾಶಿ ಹಾಕಿದ ಊಟದಲ್ಲಿ ಆಲೂಗಡ್ಡೆ, ಟೊಮ್ಯಾಟೊ, ಮೆಕ್ಕೆಜೋಳದ ತೆನೆ, ಮೆಣಸಿನಕಾಯಿ ಬರಬಾರದು. ಇವೆಲ್ಲ ಅಮೆರಿಕದ ಬೆಳೆಗಳು, 1492ಕ್ಕಿಂತ ಮೊದಲು ಯುರೋಪಿಗೆ ಬಂದಿರಲಿಲ್ಲ. ಸೇಬು, ದ್ರಾಕ್ಷಿ, ಈರುಳ್ಳಿ, ಎಲೆಕೋಸು ಇಡಿ.

ಮೇಣದಬತ್ತಿಗೆ ಟಿಶ್ಯೂ ಸುತ್ತುವ ರಟ್ಟಿನ ಕೊಳವೆ. ಮೇಲಂಚಿನಿಂದ ಗ್ಲೂ ಗನ್ನಿನಲ್ಲಿ ಅಂಟನ್ನು ಇಳಿಯಬಿಡಿ, ಕರಗಿದ ಮೇಣದ ಹಾಗೇ ಹನಿ ಹನಿಯಾಗಿ ನಿಲ್ಲುತ್ತದೆ. ಕೆನೆ ಬಣ್ಣ ಬಳಿದು, ಒಳಗೆ ಮಿಣುಕುವ ಎಲ್‌ಇಡಿ ಇಡಿ. ನಿಜವಾದ ಬೆಂಕಿ ಬೇಡ. ಬಟ್ಟೆ, ಫೋಮ್, ರಟ್ಟು, ಬಣ್ಣ, ಇಷ್ಟು ಸೇರಿದ ಕಡೆ ಒಂದು ಕಿಡಿ ಸಾಕು.

ಕಿರೀಟವನ್ನು ತೆಳು ಫೋಮಿನಲ್ಲಿ ಕತ್ತರಿಸಿ, ಗ್ಲೂ ಗನ್ನಿನಿಂದ ಉಬ್ಬುಗೆರೆ ಎಳೆದು, ಕಪ್ಪು, ಆಮೇಲೆ ಚಿನ್ನ. ಅಳತೆ ಮಾತ್ರ ನಟ ವಿಗ್ ಹಾಕಿಕೊಂಡ ಮೇಲೆ ತೆಗೆಯಿರಿ. ನಾನು ಬರಿತಲೆಯ ಅಳತೆ ತೆಗೆದು ಮಾಡಿದ ಕಿರೀಟ ರಾಜನ ವಿಗ್ ಮೇಲೆ ಮುಚ್ಚಳದ ಹಾಗೆ ಕೂತಿತ್ತು. ಬಗ್ಗಿದಾಗ ಬಿತ್ತು, ಉರುಳಿಕೊಂಡು ಹೋಗಿ ಮೊದಲ ಸಾಲಿನ ಮಗುವಿನ ಕಾಲ ಬಳಿ ನಿಂತಿತು. ಮಗು ಎತ್ತಿ ಹಾಕಿಕೊಂಡಿತು. ಅವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ.

ತೆರೆಯ ಹಿಂದಿನ ಮೇಜು

ಪರಿಕರ ಮಾಡಿ ಮುಗಿಸಿದರೆ ಅರ್ಧ ಕೆಲಸ. ಇನ್ನರ್ಧ ಅದು ಸಮಯಕ್ಕೆ ಸಿಗುವುದು. ತೆರೆಯ ಹಿಂದೆ ಒಂದು ಮೇಜಿಗೆ ಕಂದು ಕಾಗದ ಹಾಸಿ. ಪ್ರತಿ ವಸ್ತುವನ್ನು ಅದರ ಜಾಗದಲ್ಲಿಟ್ಟು ಸುತ್ತ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಗೆರೆಯೊಳಗೆ ವಸ್ತುವಿನ ಹೆಸರು, ದೃಶ್ಯದ ಸಂಖ್ಯೆ, ಒಯ್ಯುವವರ ಪಾತ್ರ. ಆಟ ಶುರುವಾಗುವ ಮೊದಲು ಒಂದು ನೋಟ ಹಾಯಿಸಿದರೆ ಯಾವ ಗೆರೆ ಖಾಲಿ ಇದೆ ಅಂತ ಗೊತ್ತಾಗುತ್ತದೆ. ತಾಲೀಮಿನ ಮೊದಲ ವಾರದಿಂದಲೇ ನಟರ ಕೈಗೆ ಕತ್ತಿ ಗುರಾಣಿ ಕೊಡಿ, ಬಣ್ಣ ಆಗದಿದ್ದರೂ ಪರವಾಗಿಲ್ಲ. ಒರೆಗೆ ಕತ್ತಿ ಸೇರಿಸುವುದನ್ನು ನೋಡದೆ ಮಾಡಲು ಬಹಳ ದಿನ ಬೇಕು.

ಮೇಜಿನ ಕೆಳಗೆ ಒಂದು ಡಬ್ಬಿ ಇರಲಿ: ಕಪ್ಪು ಟೇಪ್, ಸೂಜಿ ದಾರ, ಗ್ಲೂ ಗನ್, ಪಿನ್ನು, ಬೆಳ್ಳಿ ಬಣ್ಣದ ಸಣ್ಣ ಶೀಸೆ, ಎಲ್‌ಇಡಿಗೆ ಬ್ಯಾಟರಿ. ಕತ್ತಿಗಳನ್ನು ಹೊರಗೆ ಸಾಗಿಸುವಾಗ ಚೀಲದೊಳಗೇ ಇಡಿ. ದೂರದಿಂದ ಕಬ್ಬಿಣದ ಹಾಗೆ ಕಾಣಲಿ ಅಂತಲೇ ಮಾಡಿದ್ದು, ದಾರಿಯಲ್ಲಿ ಹೋಗುವವರಿಗೂ ಹಾಗೇ ಕಾಣುತ್ತದೆ.

ನಾಟಕ ಮುಗಿದ ಮೇಲೆ ಕತ್ತಿಯನ್ನು ಗೋಡೆಗೆ ಒರಗಿಸಿ ಇಡಬೇಡಿ, ತಿಂಗಳಲ್ಲಿ ಬಿಲ್ಲಿನ ಹಾಗೆ ಬಾಗುತ್ತದೆ. ಅಡ್ಡಪಟ್ಟಿಗೆ ದಾರ ಕಟ್ಟಿ, ತುದಿ ಕೆಳಗೆ ಮಾಡಿ, ಬಿಸಿಲು ಬೀಳದ ಕಡೆ ಮೊಳೆಗೆ ತೂಗುಹಾಕಿ. ಬಳ್ಳಿ ಕೆತ್ತಿದ ನನ್ನ ಆ ಮೊದಲ ಕತ್ತಿ ಈಗಲೂ ಹಾಗೇ ತೂಗುತ್ತಿದೆ. ಸಿಂಹಕ್ಕೆ ಕಪ್ಪು ಬಳಿದು ಒಣ ಬ್ರಷ್ ಎಳೆದ ಮೇಲೆ, ಅದು ಐದನೇ ಸಾಲಿನವರೆಗಾದರೂ ಕಾಣುತ್ತದೆ.